ಇಂಟರ್‌ವಲ್ ಇಲ್ಲದ ಸಿನಿಮಾ

ಆ ಮನೆಯಲ್ಲಿ ಶನಿವಾರ ಯಾವ ಸಿನಿಮಾ ನೋಡಬೇಕೆಂದು ಆರಿಸುತ್ತಿದ್ದವನು ಮಗ. ನೋಡಲು ಹೋಗುತ್ತಿದ್ದವರು ಅವನ ತಾಯಿ ಮತ್ತು ಹೆಂಡತಿ.

ಊರಿನಲ್ಲಿ ಹಳೆಯ ಸಿನಿಮಾಗಳನ್ನೇ ಹಾಕುವ ಟಾಕೀಸುಗಳು ಎರಡು ಉಳಿದಿದ್ದವು. ಒಂದು ಮಾರ್ಕೆಟ್ ಬೀದಿಯ ಕೊನೆಯಲ್ಲಿ, ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಇನ್ನೊಂದು ಹೊಳೆಯಾಚೆ, ದೊಡ್ಡ ಬಸ್ ಸ್ಟ್ಯಾಂಡಿನ ಪಕ್ಕ. ಎರಡೂ ಕಡೆಯವರು ತಿಂಗಳ ಮೊದಲಲ್ಲಿ ಒಂದು ಹಾಳೆ ಅಚ್ಚುಹಾಕಿಸಿ ಹಂಚುತ್ತಿದ್ದರು. ಮಗ ಅವನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಪೆನ್ನು ಹಿಡಿದು ಬಹಳ ಹೊತ್ತು ನಿಲ್ಲುತ್ತಿದ್ದ. ಅವನು ವಿಮೆ ಕಂಪನಿಯಲ್ಲಿ ಸರ್ವೇಯರ್. ಸುಟ್ಟ ಅಂಗಡಿ, ಗುದ್ದಿಸಿಕೊಂಡ ಲಾರಿ, ನೀರು ನುಗ್ಗಿದ ಗೋದಾಮು ಎಲ್ಲವನ್ನೂ ನೋಡಿ ಬಂದು, ಜನ ಹೇಳಿದ್ದರಲ್ಲಿ ನಿಜವೆಷ್ಟು ಎಂದು ಬರೆದುಕೊಡುವುದು ಅವನ ಕೆಲಸ. ಅದರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

ಶನಿವಾರದ ಸಿನಿಮಾವನ್ನು ಅಜ್ಜಿ, ಅಂದರೆ ಅವನ ತಾಯಿ, ಹಟ ಹಿಡಿದು ಗಿಟ್ಟಿಸಿಕೊಂಡಿದ್ದಳು.

"ವಾರವೆಲ್ಲ ಗೋಡೆ ನೋಡಿ ಸಾಕಾಗಿದೆ. ಒಬ್ಬಳೇ ಮೆಟ್ಟಿಲಿಳಿಯೋಕೆ ಮಂಡಿ ಮಾತು ಕೇಳಲ್ಲ. ನಿನ್ನ ಹೆಂಡ್ತೀನ ಜೊತೆಗೆ ಕಳಿಸು," ಎಂದಿದ್ದಳು ಮಗನಿಗೆ.

"ಹೋಗಿ. ಆದ್ರೆ ಹಳೇ ಸಿನಿಮಾ, ಅದೂ ನಾನು ನೋಡಿರೋದು. ಗುಬ್ಬಿ ಇಲ್ಲೇ ನನ್ನ ಜೊತೆ ಇರ್ಲಿ."

ಗುಬ್ಬಿ ಎಂದರೆ ಮೊಮ್ಮಗಳು. ಏಳು ವರ್ಷ.

ತಾನು ನೋಡಿರುವುದೇ ಯಾಕೆ ಆಗಬೇಕು ಎಂಬುದು ಮೊದಲ ಶನಿವಾರ ಊಟಕ್ಕೆ ಕೂತಾಗ ಗೊತ್ತಾಯಿತು.

"ಹೇಗಿತ್ತು?" ಮಗ ಹೆಂಡತಿಯನ್ನು ಕೇಳಿದ.

"ಚೆನ್ನಾಗಿತ್ತು ರೀ."

"ಮೊದಲಿಂದ ಹೇಳು."

ಗಡಿಯಾರ ರಿಪೇರಿಯವನೊಬ್ಬನ ಕಥೆ. ಸೊಸೆ ಹೇಳುತ್ತ ಹೋದಳು. ಮಗ ಬಟಾಣಿಯನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಸರಿಸುತ್ತ ಕೇಳಿದ.

"ಅವನ ಹೆಂಡ್ತಿ ಮೊದಲ ಸಲ ಅಂಗಡಿಗೆ ಬರುವಾಗ ಕೈಲಿ ಏನಿತ್ತು?"

"ಕೊಡೆ."

"ಬಿಚ್ಚಿತ್ತೋ ಮಡಿಸಿತ್ತೋ?"

ಸೊಸೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಮಡಿಸಿತ್ತು ಅನ್ಸುತ್ತೆ."

"ಅನ್ಸುತ್ತೆ ಅಂದ್ರೇನು? ನೋಡಿದೀಯೋ ಇಲ್ವೋ?"

"ಮಡಿಸಿತ್ತು ಕಣೋ," ಎಂದಳು ಅಜ್ಜಿ. "ನಾನೂ ಅಲ್ಲೇ ಕೂತಿದ್ದೆನಲ್ಲ. ಅವಳಿಗೆ ಉಣ್ಣೋಕೆ ಬಿಡು."

"ತಮಾಷೆಗೆ ಕೇಳ್ದೆ ಕಣಮ್ಮ," ಎಂದು ಮಗ ನಕ್ಕು ಬಟಾಣಿ ತಿಂದ.

ತಮಾಷೆ ಪ್ರತಿ ಶನಿವಾರವೂ ನಡೆಯಿತು. ಒಮ್ಮೆ ಸೊಸೆ ನಾಯಕನ ಅಣ್ಣನನ್ನು ತಮ್ಮ ಅಂದುಬಿಟ್ಟಳು. ಮಗ ಎದ್ದು ತಟ್ಟೆ ತೊಳೆದಿಟ್ಟು ಹೋದ. ಮುಂದಿನ ಶನಿವಾರದವರೆಗೂ ಅವಳ ಜೊತೆ ಮಾತಿಲ್ಲ. ಬೇಕಾದದ್ದನ್ನು ಗುಬ್ಬಿಯ ಕೈಲಿ ಹೇಳಿಸುತ್ತಿದ್ದ. "ಅಮ್ಮಾ, ಅಪ್ಪಂಗೆ ಉಪ್ಪು ಬೇಕಂತೆ." ಅಪ್ಪ ಎದುರಿಗೇ ಕೂತಿರುತ್ತಿದ್ದ.

ಎರಡನೇ ತಿಂಗಳಲ್ಲಿ ಒಂದು ಶನಿವಾರ, ಮಾರ್ಕೆಟ್ ಟಾಕೀಸಿನ ಬಾಗಿಲಲ್ಲಿ ಸೊಸೆ ನಿಂತಳು.

"ಅತ್ತೆ, ಇವತ್ತು ನೀವೊಬ್ರೇ ನೋಡ್ತೀರಾ? ನಾನು ಬಿಡೋ ಹೊತ್ತಿಗೆ ಬಂದ್ಬಿಡ್ತೀನಿ."

"ಎಲ್ಲಿಗೆ?"

"ಹಿಂದಿನ ಬೀದೀಲಿ ನಮ್ಮ ಲ್ಯಾಬು. ಮೇಡಮ್ಮು ಇನ್ನೂ ಅಲ್ಲೇ ಇದ್ದಾರಂತೆ."

ಮದುವೆಗೆ ಮುಂಚೆ ಸೊಸೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿದ್ದಳು. ಡಾಕ್ಟರುಗಳು ಕಳಿಸುವ ಅಚ್ಚಿಗೆ ಪ್ಲಾಸ್ಟರು ಸುರಿದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವ ಕೆಲಸ. ಗುಬ್ಬಿ ಹುಟ್ಟಿದ ಮೇಲೆ ಮಗ ಬಿಡಿಸಿದ್ದ. ಅಜ್ಜಿ ಅವಳ ಮುಖ ನೋಡಿದಳು. ಎರಡು ಟಿಕೆಟ್ಟು ತೆಗೆದುಕೊಂಡು ಒಬ್ಬಳೇ ಒಳಗೆ ಹೋದಳು.

ಅಲ್ಲಿಂದ ಮುಂದೆ ಅಜ್ಜಿ ಸಿನಿಮಾ ನೋಡುವ ರೀತಿಯೇ ಬೇರೆಯಾಯಿತು. ಮೊದಲೆಲ್ಲ ಹಾಡು ಬಂದರೆ ತೂಕಡಿಸುತ್ತಿದ್ದವಳು ಈಗ ಕಣ್ಣು ಮಿಟುಕಿಸಲು ಹೆದರುತ್ತಿದ್ದಳು. ಯಾವ ಕೈಯಲ್ಲಿ ದೀಪ ಹಿಡಿದ, ಕಿಟಕಿಗೆ ಪರದೆ ಇತ್ತೋ ಇಲ್ಲವೋ, ಮುದುಕ ಸತ್ತಾಗ ಕಾಲಲ್ಲಿ ಬೂಟಿತ್ತೋ. ಸಿನಿಮಾ ಬಿಟ್ಟ ಮೇಲೆ ಇಬ್ಬರೂ ಮಾರ್ಕೆಟ್ ಬೀದಿಯಲ್ಲಿ ನಿಧಾನ ನಡೆಯುತ್ತಿದ್ದರು. ಅಜ್ಜಿ ಮಂಡಿಯ ನೆಪದಲ್ಲಿ ಅಂಗಡಿ ಅಂಗಡಿಗೂ ನಿಂತು ಕಥೆ ಒಪ್ಪಿಸುತ್ತಿದ್ದಳು, ಸೊಸೆ ತರಕಾರಿ ಆರಿಸುತ್ತ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು.

"ಈ ವಯಸ್ಸಲ್ಲಿ ನನಗೆ ಪರೀಕ್ಷೆ," ಎಂದು ಅಜ್ಜಿ ನಕ್ಕರೆ ಸೊಸೆಯೂ ನಗುತ್ತಿದ್ದಳು. ಮನೆಯ ಮೆಟ್ಟಿಲು ಬಂದ ಕೂಡಲೇ ಇಬ್ಬರ ನಗುವೂ ನಿಲ್ಲುತ್ತಿತ್ತು.

ಲ್ಯಾಬಿನ ಮೇಡಮ್ಮಿಗೆ ಬೇರೆ ಊರಿನಲ್ಲಿ ಇನ್ನೊಂದು ಲ್ಯಾಬಿತ್ತು. ಅಲ್ಲಿ ಕೈ ಸಾಲದಾಗಿತ್ತು. ಮೇಲೆ ಒಂದು ಕೋಣೆಯೂ ಖಾಲಿಯಿತ್ತು. "ಯಾವಾಗ ಬಂದ್ರೂ ಬಾ. ಫೋನು ಗೀನು ಬೇಡ, ಬಂದು ನಿಲ್ಲು ಸಾಕು," ಎಂದಿದ್ದಳಂತೆ. ಅಭ್ಯಾಸ ತಪ್ಪಿದ ಕೈ ಪಳಗಲೆಂದು ಸೊಸೆಯನ್ನು ಪ್ರತಿ ಶನಿವಾರ ಇಲ್ಲೇ ಕೂರಿಸಿ ಕೆಲಸ ಮಾಡಿಸುತ್ತಿದ್ದಳು.

ಒಂದು ಸಂಜೆ ಊಟದ ನಡುವೆ ಮಗ ಹೆಂಡತಿಯ ಕೈ ಹಿಡಿದು ದೀಪದ ಕಡೆ ತಿರುಗಿಸಿದ.

"ಉಗುರಲ್ಲಿ ಇದೇನು ಬಿಳಿ?"

"ಹಿಟ್ಟು. ಬೆಳಿಗ್ಗೆ ಕಲೆಸಿದ್ಲಲ್ಲ," ಎಂದಳು ಅಜ್ಜಿ.

"ಬೆಳಿಗ್ಗೆ ಹಿಟ್ಟು ಕಲೆಸಿದ್ದು ನೀನಮ್ಮ. ನಾನು ಇಲ್ಲೇ ಪೇಪರ್ ಓದ್ತಿದ್ದೆ."

"ಟಾಕೀಸಿನ ಬಾತ್‌ರೂಮ್ ಗೋಡೆಗೆ ಹೊಸದಾಗಿ ಸುಣ್ಣ ಹೊಡ್ದಿದಾರೆ ರೀ. ಕೈಯೂರಿದ್ದೆ, ಮೆತ್ಕೊಂಡಿರ್ಬೇಕು," ಎಂದಳು ಸೊಸೆ.

ಮಗ ಕೈ ಬಿಟ್ಟ. "ತೊಳ್ಕೊ. ಮಗೂಗೆ ತುತ್ತು ಕೊಡೋ ಕೈ," ಎಂದ ಮೆಲ್ಲಗೆ.

ಮುಂದಿನ ವಾರ ದೋಣಿಯವರ ಸಿನಿಮಾ. ಇನ್ನೇನು ಮುಗಿಯಬೇಕು ಅನ್ನುವಾಗ ರೀಲು ತುಂಡಾಯಿತು. ಎಷ್ಟು ಹೊತ್ತಾದರೂ ಸರಿಹೋಗದೆ, ಮ್ಯಾನೇಜರು ಬಾಗಿಲಲ್ಲಿ ನಿಂತು ಹೊರಗೆ ಹೋಗುವವರ ಕೈಗೆಲ್ಲ ಒಂದೊಂದು ಪಾಸು ಕೊಟ್ಟ, ಇನ್ನೊಂದು ದಿನ ಬಿಟ್ಟಿ ನೋಡಲಿ ಎಂದು. ಅಜ್ಜಿ ಅದನ್ನು ಚೀಲದಲ್ಲಿ ಹಾಕಿಕೊಂಡು ಸೊಸೆ ಬರುವವರೆಗೂ ಟಾಕೀಸಿನ ಮೆಟ್ಟಿಲ ಮೇಲೆ ಕಾದಳು.

"ಕೊನೇಲಿ ದೋಣಿ ದಡಕ್ಕೆ ಬಂದಾಗ ಮೊದಲು ಇಳಿಯೋದು ಯಾರು?" ಮಗ ಕೇಳಿದ.

"ಕೊನೆ ಎಲ್ಲಿ ನೋಡಿದ್ವಿ? ರೀಲು ತುಂಡಾಯ್ತು," ಎಂದಳು ಅಜ್ಜಿ. ಸುಳ್ಳಲ್ಲದ ಮಾತು ಸಿಕ್ಕಿದ್ದಕ್ಕೆ ಅವಳ ದನಿಗೆ ಧೈರ್ಯ ಬಂದಿತ್ತು.

"ಹಾಗಾದ್ರೆ ಪಾಸು ಕೊಟ್ಟಿರ್ಬೇಕಲ್ಲ. ಅಪ್ಪನ ಕಾಲದಿಂದಲೂ ಕೊಡ್ತಾರೆ."

ಅಜ್ಜಿ ಚೀಲದಿಂದ ಪಾಸು ತೆಗೆದು ಮೇಜಿನ ಮೇಲಿಟ್ಟಳು.

"ಇನ್ನೊಂದು?"

ಗುಬ್ಬಿ ಅಪ್ಪನ ಮುಖ, ಅಮ್ಮನ ಮುಖ ನೋಡಿ ಚಮಚ ಕೆಳಗಿಟ್ಟಳು.

"ಬಿದ್ದು ಹೋಯ್ತೇನೋ," ಎಂದಳು ಸೊಸೆ.

"ಹ್ಞೂ. ಬಿದ್ದು ಹೋಗಿರುತ್ತೆ." ಮಗ ಪಾಸನ್ನು ನೀಟಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. "ಇನ್ಮೇಲೆ ಸಿನಿಮಾ ಸಾಕು. ಅಮ್ಮನ ಮಂಡೀಗೂ ತೊಂದ್ರೆ."

ಮಾರನೇ ದಿನ ಸೊಸೆಯ ಫೋನು ರಿಪೇರಿಗೆಂದು ಹೋಯಿತು, ವಾಪಸು ಬರಲಿಲ್ಲ. ಆ ವಾರದಲ್ಲೇ ಒಂದು ಬೆಳಿಗ್ಗೆ, ಗುಬ್ಬಿಯನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗುವವನು ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ಮಧ್ಯಾಹ್ನ ಗ್ಯಾಸ್ ಸಿಲಿಂಡರಿನವನು ಬಂದು ಬಾಗಿಲು ಬಡಿದ. "ಒಳಗಿದೀರಾ? ತೆಗೀರಿ," ಎಂದು ಕೂಗಿದ. ಅತ್ತೆ ಸೊಸೆ ಒಳಗೆ ಬಾಗಿಲಿಗೆ ಕೈಯಿಟ್ಟು ನಿಂತರು. ತೆಗೆಯಲಾಗುವುದಿಲ್ಲ ಎಂದು ಹೇಳಲು ಇಬ್ಬರಿಗೂ ನಾಚಿಕೆಯಾಯಿತು. ಅವನು ಸಿಲಿಂಡರು ಎತ್ತಿಕೊಂಡು ಇಳಿದುಹೋದ.

ಸಂಜೆ ಮಗ, "ಅಭ್ಯಾಸಬಲ. ಮರೆತು ಹಾಕ್ಬಿಟ್ಟೆ," ಎಂದ. ಮರುದಿನವೂ ಮರೆತ.

"ನಿನ್ನೆ ಗ್ಯಾಸಿನವನು ವಾಪಸ್ ಹೋದ ಕಣೋ. ಮನೇಲಿ ಬೆಂಕಿ ಗಿಂಕಿ ಬಿದ್ರೆ ನಾವೇನು ಮಾಡ್ಬೇಕು?" ಎಂದಳು ಅಜ್ಜಿ.

"ಬೆಂಕಿ ಹೇಗೆ ಬೀಳುತ್ತೆ ಅಂತ ನನಗೆ ಗೊತ್ತಮ್ಮ. ದಿನಾ ಅದೇ ನೋಡ್ತೀನಿ. ಹುಷಾರಾಗಿರೋ ಮನೇಲಿ ಬೀಳಲ್ಲ."

ಮೂರನೇ ದಿನದಿಂದ ಅದನ್ನು ಮರೆವು ಎಂದು ಯಾರೂ ಕರೆಯಲಿಲ್ಲ.

ಆ ಭಾನುವಾರ ಅಜ್ಜಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಗುಬ್ಬಿ ಮಂಚದ ಮರೆಯಲ್ಲಿ ಬೊಂಬೆಯನ್ನು ಗೋಡೆಗೆ ಒರಗಿಸಿಕೊಂಡು ಆಡುತ್ತಿದ್ದಳು. ದನಿ ಬಹಳ ಮೆತ್ತಗಿತ್ತು.

"ಎಲ್ಲಿಗೆ ಹೋಗಿದ್ದೆ? ಯಾರು ಸಿಕ್ಕಿದ್ರು? ಮೊದಲಿಂದ ಹೇಳು." ಸ್ವಲ್ಪ ಹೊತ್ತು ಕಾದಳು. "ಸುಮ್ನಿದ್ರೆ ನನಗೆ ಗೊತ್ತಾಗಲ್ಲ ಅಂದ್ಕೋಬೇಡ."

ಆಮೇಲೆ ಬೊಂಬೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು.

ಅಜ್ಜಿಯ ಕೈಯಲ್ಲಿದ್ದ ಲಂಗ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಮಂಚದ ಮೇಲೆ ಕೂತುಬಿಟ್ಟಳು.

ಮಾರನೇ ದಿನ, ಹೊರಗೆ ಬೀಗ ಬಿದ್ದ ಮೇಲೆ, ಅಡುಗೆಮನೆಯಲ್ಲಿ ಸೊಸೆ ಪಾತ್ರೆ ಉಜ್ಜುತ್ತಿದ್ದಾಗ ಅಜ್ಜಿ ಪಕ್ಕದಲ್ಲಿ ಬಂದು ನಿಂತಳು.

"ಇವನ ಅಪ್ಪನೂ ಕೇಳ್ತಿದ್ರು. ಮಾರ್ಕೆಟ್ಟಿಗೆ ಹೋಗಿ ಬಂದ್ರೆ, ನೀರಿಗೆ ಹೋಗಿ ಬಂದ್ರೆ. ಊಟದ ಹೊತ್ತಲ್ಲೇ ಕೇಳ್ತಿದ್ರು. ನಾನು ಹೇಳ್ತಿದ್ದೆ. ಇವನು ಎದುರಿಗೆ ಕೂತು ಊಟ ಮಾಡ್ತಿದ್ದ." ಅಜ್ಜಿ ತೊಳೆದ ಲೋಟವೊಂದನ್ನು ಒರೆಸಿದಳು. "ಬರೀ ಊಟ ಮಾಡ್ತಿದಾನೆ ಅಂದ್ಕೊಂಡಿದ್ದೆ ಕಣೇ."

ಸೊಸೆ ನಲ್ಲಿ ನಿಲ್ಲಿಸಿದಳು.

"ಹೊರಟುಬಿಡು," ಎಂದಳು ಅಜ್ಜಿ. "ಮಗೂನ ಕರ್ಕೊಂಡು ಹೋಗು. ಊರಿನ ಹೆಸರು ಮಾತ್ರ ನನಗೆ ಹೇಳ್ಬೇಡ. ಅವನೆದುರು ನನ್ನ ಸುಳ್ಳು ನಿಲ್ಲಲ್ಲ."

"ಹೇಗೆ ಹೋಗ್ಲಿ ಅತ್ತೆ? ಗುಬ್ಬೀನ ಶಾಲೆಗೆ ಬಿಡೋರೂ ಅವರೇ, ಕರ್ಕೊಂಡು ಬರೋರೂ ಅವರೇ. ಬಾಗಿಲಿಗೆ ಬೀಗ."

"ಅವನ ಜೊತೇಲೇ ಹೋಗ್ಬೇಕು."

ಹೊಸ ತಿಂಗಳ ಹಾಳೆಗಳು ಫ್ರಿಜ್ಜಿನ ಮೇಲೆ ಬಂದಿದ್ದವು. ಯಾರೂ ಹೋಗದಿದ್ದರೂ ಮಗ ತಂದು ಅಂಟಿಸಿದ್ದ. ಇಬ್ಬರೂ ಒದ್ದೆ ಕೈ ಒರೆಸಿಕೊಂಡು ಅದರ ಮುಂದೆ ನಿಂತರು. ಮಾರ್ಕೆಟ್ ಟಾಕೀಸಿನಲ್ಲಿ ನಗಿಸುವ ಸಿನಿಮಾ ಒಂದಿತ್ತು, ಮಗುವಿಗೆ ಒಪ್ಪುವಂಥದ್ದು. ಆದರೆ ನಡುವೆ ಇಂಟರ್‌ವಲ್ಲಿತ್ತು. ದೀಪ ಹತ್ತಿದರೆ ಅವನು ಬೆನ್ನಿಗೇ ಬರುತ್ತಾನೆ. ಒಂದೇ ಬಾಗಿಲು ಬೇರೆ. ಇನ್ನೊಂದು ಹಡಗಿನ ಸಿನಿಮಾ, ಅದು ಉದ್ದ ಹೆಚ್ಚಾಯಿತು, ಗುಬ್ಬಿ ನಿದ್ದೆ ಹೋದರೆ ಎತ್ತಿಕೊಂಡು ಓಡಲಾಗದು. ಅಜ್ಜಿಯ ಬೆರಳು ಹೊಳೆಯಾಚೆಯ ಹಾಳೆಯ ಕೆಳಸಾಲಿನಲ್ಲಿ ನಿಂತಿತು.

"ಕುದುರೇದು," ಎಂದಳು.

ಗಣಿಯಲ್ಲಿ ಕಲ್ಲಿದ್ದಲಿನ ಗಾಡಿ ಎಳೆದು ಕಣ್ಣು ಮಂಜಾದ ಕುದುರೆಯೊಂದನ್ನು ಮುದುಕ ಕಾರ್ಮಿಕನೊಬ್ಬ ಕದ್ದು ಹೊರಗೆ ಕರೆತರುವ ಕಥೆ. ಇಂಟರ್‌ವಲ್ಲಿಲ್ಲದ ಚಿಕ್ಕ ಸಿನಿಮಾ. ಮಗ ಚಿಕ್ಕವನಿದ್ದಾಗ ಅಜ್ಜಿಯೇ ಕರೆದುಕೊಂಡು ಹೋಗಿದ್ದಳು. ಮತ್ತೆ ಬೇಕು ಎಂದು ಅತ್ತು ಅತ್ತು ಎಷ್ಟು ಸಲ ನೋಡಿದನೋ.

"ಸುರಂಗದಲ್ಲಿ ದೀಪ ಆರಿಹೋಗುತ್ತೆ. ಪರದೆ ಪೂರಾ ಕಪ್ಪು. ಗೊರಸಿನ ಸದ್ದು ಮಾತ್ರ. ಬಹಳ ಹೊತ್ತು. ಆ ಕುದುರೆ ಹೊರಗೆ ಬರೋವರೆಗೂ ಇವನು ಉಚ್ಚೆ ಬಂದ್ರೂ ಕಟ್ಕೊಂಡು ಕೂತಿರ್ತಿದ್ದ. ಪಕ್ಕದಲ್ಲಿ ನಾನು ಎದ್ದು ಹೋದ್ರೂ ತಿಳೀತಿರ್ಲಿಲ್ಲ."

"ಈಗಲೂ ಹಾಗೇ ಇರ್ತಾರಾ ಅತ್ತೆ?"

ಅಜ್ಜಿ ಹಾಳೆಯ ಮೇಲಿನ ಬೆರಳು ತೆಗೆದಳು.

ಅಂದು ಊಟದಲ್ಲಿ ಅವಳು ಮಗನ ಜೊತೆ ಮಾತೆತ್ತಲಿಲ್ಲ, ಗುಬ್ಬಿಗೆ ಕಥೆ ಹೇಳಿದಳು. "ನಿಮ್ಮಪ್ಪ ನಿನ್ನಷ್ಟಿದ್ದಾಗ ಒಂದು ಕುದುರೆ ಸಿನಿಮಾ ನೋಡ್ಕೊಂಡು ಬಂದು, ಮೂರು ದಿನ ಈ ಮೇಜಿನ ಕೆಳಗೇ ಊಟ ಮಾಡಿದ. ಮೇಜು ಗಣಿ, ಅವನು ಕುದುರೆ."

ಗುಬ್ಬಿ ಬಿದ್ದು ಬಿದ್ದು ನಕ್ಕಳು. "ಅಪ್ಪ, ನಿಜನಾ?"

ಮಗನ ಮುಖ ಸಡಿಲವಾಯಿತು. ಬಹಳ ದಿನದ ಮೇಲೆ ಅವನು ಹೆಂಡತಿಯ ಕಡೆ ತಿರುಗಿ, "ಅಮ್ಮ ತಟ್ಟೇನ ಕೆಳಗೇ ಇಡ್ತಿದ್ಲು, ಬೈತಿರ್ಲಿಲ್ಲ," ಎಂದ.

ಆಮೇಲೆ ಗುಬ್ಬಿ ಬೆನ್ನು ಬಿಡಲಿಲ್ಲ. ಮಗ ಹಾಳೆ ನೋಡಿದ. ಶನಿವಾರ ಎಲ್ಲರೂ ಹೋಗೋಣ ಎಂದ. ಗುರುವಾರ ಮನಸ್ಸು ಬದಲಾಯಿತು. "ಅಷ್ಟು ದೂರ ಯಾಕೆ? ಮಾರ್ಕೆಟ್ ಟಾಕೀಸಲ್ಲೂ ಮಕ್ಕಳದ್ದೇ ಇದೆ." ಸೊಸೆ ತಲೆಯೆತ್ತದೆ ಬ್ರೆಡ್ಡಿಗೆ ಬೆಣ್ಣೆ ಸವರಿದಳು. ಶುಕ್ರವಾರ ಮಳೆ ಬಂದರೆ ಎಲ್ಲಿಗೂ ಬೇಡ ಎಂದ. ಮಳೆ ಬರಲಿಲ್ಲ. ಶನಿವಾರ ಮಧ್ಯಾಹ್ನ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಫ್ರಿಜ್ಜಿನ ಮುಂದೆ ನಿಂತು, ತಾಯಿಯನ್ನು ಕರೆದ.

"ನೀನೇ ಹೇಳಮ್ಮ. ಯಾವುದು?"

ಅವನು ಯಾರನ್ನೂ ಹಾಗೆ ಕೇಳಿದ್ದೇ ಇಲ್ಲ. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕುದುರೇದೇ ಇರ್ಲಿ."

ಹಾಸಿಗೆಯ ಕೆಳಗೆ ತಾನು ಕೂಡಿಟ್ಟಿದ್ದ ಹಣವನ್ನು ಅಜ್ಜಿ ಆಗಲೇ ಸೊಸೆಯ ಕೈಗೆ ಹಾಕಿದ್ದಳು. ಟಾಕೀಸಿನಲ್ಲಿ ಚಳಿ ಎಂದು ಗುಬ್ಬಿಗೆ ಸ್ವೆಟರು ತೊಡಿಸಿದರು. ಬೇರೆ ಏನನ್ನೂ ಒಯ್ಯುವಂತಿರಲಿಲ್ಲ.

ಹೊಳೆಯಾಚೆಯ ಟಾಕೀಸಿನಲ್ಲಿ ಜನ ಅರ್ಧದಷ್ಟಿದ್ದರು. ಮಗ ಸಾಲಿನ ತುದಿಯಲ್ಲಿ ಕೂರಲು ಹೋದ. ಅಲ್ಲಿ ಕೂತರೆ ಯಾರೇ ಎದ್ದರೂ ಅವನ ಮಂಡಿ ದಾಟಿಯೇ ಹೋಗಬೇಕಿತ್ತು.

"ಒಳಗೆ ಕೂತ್ರೆ ಗುಬ್ಬೀಗೆ ಮುಂದಿನೋರ ತಲೆ ಅಡ್ಡ ಬರುತ್ತೆ. ಅವಳನ್ನ ತುದೀಗೆ ಬಿಡು," ಎಂದಳು ಅಜ್ಜಿ.

ಅವನು ಒಂದು ಕ್ಷಣ ತಾಯಿಯನ್ನು ನೋಡಿದ. ಆಮೇಲೆ ಒಳಗೆ ಸರಿದ. ತುದಿಯಲ್ಲಿ ಗುಬ್ಬಿ, ಅವಳ ಪಕ್ಕ ಅವಳಮ್ಮ, ಆಮೇಲೆ ಅವನು, ಅವನ ಆಚೆ ಅಜ್ಜಿ. ದೀಪ ಆರುವ ಮೊದಲೇ ಅವನು ಹೆಂಡತಿಯ ಮಣಿಕಟ್ಟಿನ ಮೇಲೆ ಕೈಯಿಟ್ಟ. ಸಿನಿಮಾ ಶುರುವಾದ ಮೇಲೂ ಆ ಕೈ ಅಲ್ಲೇ ಇತ್ತು.

ಮುದುಕ ಕುದುರೆಗೆ ಸಕ್ಕರೆ ತಿನ್ನಿಸಿದ. ಮೇಸ್ತ್ರಿ ಚಾವಟಿ ಎತ್ತಿದ. ಅಜ್ಜಿಗೆ ಪರದೆ ಕಾಣುತ್ತಿರಲಿಲ್ಲ, ಪಕ್ಕದ ಕುರ್ಚಿಯ ತೋಳಿನ ಮೇಲಿನ ಆ ಕೈಯೊಂದೇ ಕಾಣುತ್ತಿತ್ತು. ಮುದುಕ ಸರಪಳಿ ಬಿಚ್ಚಿದ, ಕುದುರೆಯ ಗೊರಸಿಗೆ ಗೋಣಿ ಸುತ್ತಿದ. ಕೈ ಕದಲಲಿಲ್ಲ. ಸುರಂಗದ ಬಾಯಿ ಬಂತು. ಮುದುಕನ ದೀಪ ಒಮ್ಮೆ ಹೊಯ್ದಾಡಿ ಆರಿತು.

ಟಾಕೀಸು ಪೂರ್ತಿ ಕತ್ತಲಾಯಿತು. ಗೋಣಿ ಸುತ್ತಿದ ಗೊರಸು ಮೆತ್ತಗೆ ಸದ್ದು ಮಾಡತೊಡಗಿತು. ಆ ಕತ್ತಲಲ್ಲಿ ಮಗನ ಕೈ ಬಂದು ತಾಯಿಯ ಕೈ ಹುಡುಕಿ ಹಿಡಿದುಕೊಂಡಿತು. ಎರಡೂ ಕೈಯಿಂದ ಹಿಡಿದುಕೊಂಡ, ಚಿಕ್ಕವನಿದ್ದಾಗ ಹಿಡಿದುಕೊಳ್ಳುತ್ತಿದ್ದಂತೆ. ಅಂಗೈ ಬೆವತಿತ್ತು.

ಆಚೆಯಿಂದ ಗುಬ್ಬಿಯ ಪಿಸುಮಾತು ಕೇಳಿತು. "ನನಗೆ ಬಾತ್‌ರೂಮ್ ಬಂದಿಲ್ಲಮ್ಮ." ಸೊಸೆ ಏನೋ ಅಂದಳು. "ಅಪ್ಪ, ಕುದುರೆಗೆ ಏನಾಯ್ತು ಅಂತ ನೋಡ್ಕೊಂಡಿರು, ಆಮೇಲೆ ನನಗೆ ಹೇಳು," ಎಂದಳು ಗುಬ್ಬಿ.

"ಹ್ಞೂ," ಎಂದ ಮಗ, ಪರದೆಯ ಕಡೆಯಿಂದ ಮುಖ ತಿರುಗಿಸದೆ.

ಅಜ್ಜಿ ಆ ಬೆವತ ಕೈಗಳನ್ನು ಬಿಗಿಯಾಗಿ ಹಿಡಿದಳು. ಬಾಗಿಲ ಪರದೆ ಒಮ್ಮೆ ಸರಿದು ಸ್ವಲ್ಪ ಬೆಳಕು ಬಂತು, ಮತ್ತೆ ಮುಚ್ಚಿತು. ಗೊರಸಿನ ಸದ್ದು ಮುಂದುವರಿಯಿತು. ಪರದೆಯ ಮೇಲೆ ದೂರದಲ್ಲಿ ಚುಕ್ಕೆಯಷ್ಟು ಬಿಳುಪು ಕಂಡು, ದೊಡ್ಡದಾಗುತ್ತ ಬಂದಾಗ ಮಗ ಉಸಿರು ಬಿಟ್ಟ. ಹುಲ್ಲಿನ ಬಯಲಲ್ಲಿ ಕುದುರೆ ಕಿವಿ ಅಲ್ಲಾಡಿಸಿತು. ಅವನ ಕೆನ್ನೆ ಒದ್ದೆಯಾಗಿತ್ತು. ಅವನು ತಾಯಿಯ ಕಡೆ ತಿರುಗಿ ಪುಟ್ಟ ಹುಡುಗನ ಹಾಗೆ ನಕ್ಕ.

ಆಮೇಲೆ ಇನ್ನೊಂದು ಕಡೆಗೆ ತಿರುಗಿದ.

ಎದ್ದು ಹೊರಗೆ ಹೋದವನು ಬರುವಷ್ಟರಲ್ಲಿ ಸಿನಿಮಾ ಮುಗಿದು ದೀಪ ಹತ್ತಿತ್ತು. ಜನ ಖಾಲಿಯಾಗಿದ್ದರು. ಅಜ್ಜಿ ಕೂತಲ್ಲಿಂದ ಎದ್ದಿರಲಿಲ್ಲ. ಅವನಿಗೆ ಏದುಸಿರು ಬರುತ್ತಿತ್ತು, ಬೂಟಿಗೆ ಬಸ್ ಸ್ಟ್ಯಾಂಡಿನ ಧೂಳು ಮೆತ್ತಿತ್ತು. ಗುಬ್ಬಿ ಕೂತಿದ್ದ ಕುರ್ಚಿಯಲ್ಲಿ ಕೂತ. ದನಿ ಏರಿಸಲಿಲ್ಲ.

"ಎಲ್ಲಿಗೆ ಹೋದ್ರು?"

"ಗೊತ್ತಿಲ್ಲ."

"ಯಾವ ಊರು?"

"ಗೊತ್ತಿಲ್ಲ ಕಣೋ. ಹೇಳ್ಬೇಡ ಅಂದಿದ್ದೆ."

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಸುಟ್ಟ ಅಂಗಡಿಗಳ ಮುಂದೆ ನಿಂತು ಮಾಲೀಕರನ್ನು ಅವನು ನೋಡುತ್ತಿದ್ದುದೂ ಹೀಗೆಯೇ ಇರಬೇಕು. ಅವಳು ನಿಜವನ್ನೇ ಹೇಳುತ್ತಿದ್ದಾಳೆ ಎಂಬುದು ಅವನಿಗೆ ತಿಳಿಯಿತು.

"ನನಗಿಷ್ಟ ಅಂತ ಈ ಸಿನಿಮಾ ಆರಿಸ್ದೆ ಅಂದ್ಕೊಂಡಿದ್ದೆ," ಎಂದ.

"ನಿನಗಿಷ್ಟ ಅಂತಲೇ ಆರಿಸ್ದೆ."

ಪೊರಕೆ ಹಿಡಿದ ಹೆಂಗಸು ಮೊದಲ ಸಾಲಿನಿಂದ ಗುಡಿಸಿಕೊಂಡು ಬಂದು, ಮುಂದಿನ ಆಟಕ್ಕೆ ಬಾಗಿಲು ತೆಗೆಯುತ್ತಾರೆ, ಏಳಬೇಕು ಎಂದಳು. ಮಗ ಎದ್ದು ತಾಯಿಯ ಮೊಣಕೈ ಹಿಡಿದು ಎಬ್ಬಿಸಿದ.

"ನಡಿ, ಮನೆಗೆ ಹೋಗೋಣ."

ಮೆಟ್ಟಿಲ ಮೇಲೆ ಸಂಜೆಯ ಬಿಸಿಲಿತ್ತು. ಬಸ್ ಸ್ಟ್ಯಾಂಡಿನಿಂದ ಬಸ್ಸುಗಳು ಒಂದರ ಹಿಂದೆ ಒಂದು ಹೊರಡುತ್ತಿದ್ದವು. ಅಜ್ಜಿ ಅವುಗಳ ಕಡೆ ತಿರುಗದಿರಲು ಕತ್ತು ಬಿಗಿಹಿಡಿದುಕೊಂಡು ಇಳಿದಳು. ಮಗ ಅವಳ ಮಂಡಿಗೆ ನೋವಾಗದಂತೆ ಒಂದೊಂದೇ ಮೆಟ್ಟಿಲು ಇಳಿಸಿದ. ಬೀದಿ ಸಮವಾದ ಮೇಲೂ ಅವನ ಬೆರಳುಗಳು ಸಡಿಲವಾಗಲಿಲ್ಲ.